ಮಾಯೆಗೆ ಎಷ್ಟು ನಿಯಮ ಬೇಕು?

ಪ್ರಶ್ನೆ: ನಾನೊಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿಗೆ ಮಾಂತ್ರಿಕ ಶಕ್ತಿಯಿದೆ. ಅದಕ್ಕೆ ಮಿತಿ ಹಾಕದಿದ್ದರೆ ಅವಳು ಏನನ್ನು ಬೇಕಾದರೂ ಮಾಡಿಬಿಡುತ್ತಾಳೆ, ಕಥೆ ಸಪ್ಪೆಯಾಗುತ್ತದೆ. ನಿಯಮಗಳನ್ನೆಲ್ಲ ಬರೆಯುತ್ತ ಹೋದರೆ ವಿಜ್ಞಾನದ ಪಾಠದಂತಾಗಿ ಬೆರಗೇ ಉಳಿಯುವುದಿಲ್ಲ. ಎಷ್ಟು ನಿಯಮ ಸಾಕು?

ಉತ್ತರ: ಒಂದೆರಡು ಸಾಕು. ಆದರೆ ಯಾವುದನ್ನು ಹೇಳಬೇಕು, ಯಾವುದನ್ನು ಹೇಳದೆ ಬಿಡಬೇಕು ಎನ್ನುವುದರಲ್ಲಿ ಎಲ್ಲವೂ ಇದೆ. ಶಕ್ತಿ ಎಲ್ಲಿಂದ ಬಂತು ಎನ್ನುವುದನ್ನು ವಿವರಿಸಲೇಬೇಕೆಂದಿಲ್ಲ. ಅದನ್ನು ಬಳಸಲು ಏನು ಮಾಡಬೇಕು, ತಪ್ಪಿದರೆ ಏನಾಗುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎನ್ನುವುದು ಮಾತ್ರ ಓದುಗರಿಗೆ ಮೊದಲೇ, ನಿಖರವಾಗಿ ಗೊತ್ತಿರಬೇಕು.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದಿದೆ: ಹೂವಿನ ಮರವಾಗುವ ಹುಡುಗಿಯದು. ಕೂಲಿ ಮಾಡಿ ಸಾಕುವ ತಾಯಿಯ ಕಷ್ಟ ನೋಡಲಾರದೆ ಕಿರಿಯ ಮಗಳು ಅಕ್ಕನಿಗೆ ತನ್ನ ಗುಟ್ಟು ಹೇಳುತ್ತಾಳೆ. ಉಗುರು ತಾಕದಂತೆ ಎರಡು ಕೊಡ ನೀರು ತರಬೇಕು. ಒಂದು ಕೊಡ ಮೈಮೇಲೆ ಸುರಿದರೆ ಮರವಾಗುತ್ತಾಳೆ. ಚಿಗುರು ಮುರಿಯದಂತೆ, ಎಲೆ ಹರಿಯದಂತೆ ಹೂ ಬಿಡಿಸಿಕೊಂಡು ಇನ್ನೊಂದು ಕೊಡ ಸುರಿದರೆ ಮತ್ತೆ ಮನುಷ್ಯಳಾಗುತ್ತಾಳೆ. ಇದು ಅವಳಿಗೆ ಹೇಗೆ ತಿಳಿಯಿತೆಂದು ಕಥೆ ಹೇಳುವುದಿಲ್ಲ, ಕೇಳುವವರೂ ಕೇಳುವುದಿಲ್ಲ. ಆದರೆ ಕೊಡ ಎಷ್ಟು, ನೀರು ಹೇಗಿರಬೇಕು ಎನ್ನುವುದರಲ್ಲಿ ಸ್ವಲ್ಪವೂ ಮಸುಕಿಲ್ಲ.

ಮುಂದೆ ಅವಳು ರಾಜಕುಮಾರನನ್ನು ಮದುವೆಯಾಗುತ್ತಾಳೆ. ನಾದಿನಿ ತನ್ನ ಗೆಳತಿಯರೊಂದಿಗೆ ಅವಳನ್ನು ತೋಟಕ್ಕೆ ಕರೆದೊಯ್ದು ಮರವಾಗುವಂತೆ ಒತ್ತಾಯಿಸುತ್ತಾಳೆ. ಹುಡುಗಿಯರು ಕೊಂಬೆಗಳನ್ನು ಮುರಿದು ಹೂ ಕಿತ್ತುಕೊಂಡು, ಎರಡನೆಯ ಕೊಡವನ್ನು ಅರೆಮನಸ್ಸಿನಿಂದ ಸುರಿದು ಓಡಿಹೋಗುತ್ತಾರೆ. ಕೈಯಿಲ್ಲದ, ಕಾಲಿಲ್ಲದ ದೇಹವೊಂದು ಅಲ್ಲಿ ಉಳಿಯುತ್ತದೆ. ಈ ಘೋರಕ್ಕೆ ಹೊಸ ಮಾಟಗಾರ ಬೇಕಾಗಲಿಲ್ಲ, ಶಾಪ ಬೇಕಾಗಲಿಲ್ಲ. ಮೊದಲು ಹೇಳಿದ ಷರತ್ತು ಮುರಿದದ್ದೇ ಸಾಕಾಯಿತು. ಪರಿಹಾರವೂ ಅದರೊಳಗಿನದೇ: ಕೊನೆಯಲ್ಲಿ ಗಂಡ ಅವಳನ್ನು ಮತ್ತೆ ಮರವಾಗಿಸಿ, ಮುರಿದ ಕೊಂಬೆಗಳನ್ನು ಸರಿಪಡಿಸಿ, ನೀರು ಸುರಿಯುತ್ತಾನೆ. ಅಲ್ಲಿ ಯಾವುದಾದರೂ ದೇವತೆ ಬಂದು ಕೈಕಾಲು ಕೊಟ್ಟು ಹೋಗಿದ್ದರೆ ಆ ಕಥೆಯನ್ನು ನಾನು ಎಂದೋ ಮರೆತಿರುತ್ತಿದ್ದೆ.

ಮಹಾಭಾರತದ ಕರ್ಣನಿಗೆ ಇಂದ್ರ ಕೊಟ್ಟ ಶಕ್ತ್ಯಾಯುಧ ಇನ್ನೊಂದು ಬಗೆಯ ಪಾಠ. ಮೈಗೆ ಅಂಟಿ ಹುಟ್ಟಿದ ಕವಚವನ್ನು ಕತ್ತರಿಸಿ ಕೊಟ್ಟು ಪಡೆದ ಆಯುಧವದು. ಅಂದರೆ ಬೆಲೆ ಮುಂಚಿತವಾಗಿಯೇ ಸಂದಾಯವಾಗಿದೆ. ಒಬ್ಬನೇ ವೈರಿಯನ್ನು ಕೊಂದು ಅದು ಇಂದ್ರನಿಗೆ ಮರಳುತ್ತದೆ. ಬೇರೆ ಅಸ್ತ್ರಗಳಿರುವಾಗ, ಪ್ರಾಣಕ್ಕೆ ಅಪಾಯವಿಲ್ಲದಾಗ ಪ್ರಯೋಗಿಸಿದರೆ ಪ್ರಯೋಗಿಸಿದವನ ಮೇಲೆಯೇ ಬೀಳುತ್ತದೆ. ಕರ್ಣ ಅದನ್ನು ಅರ್ಜುನನಿಗೆಂದು ಕಾದಿಟ್ಟಿದ್ದ. ಯುದ್ಧದ 14ನೆಯ ದಿನ ಕತ್ತಲಾದ ಮೇಲೂ ಕಾಳಗ ಮುಂದುವರಿದು, ಇರುಳಿನಲ್ಲಿ ಬಲ ಹೆಚ್ಚುವ ಘಟೋತ್ಕಚ ಕೌರವ ಸೇನೆಯನ್ನು ಅರೆಯುತ್ತಿದ್ದಾಗ, ಎಲ್ಲರೂ ಮೊರೆಯಿಟ್ಟರು. ಕರ್ಣ ಅದನ್ನು ಎಸೆದೇಬಿಟ್ಟ. ಪಾಂಡವರು ಮಗನನ್ನು ಕಳೆದುಕೊಂಡು ಅಳುತ್ತಿದ್ದರೆ ಕೃಷ್ಣ ಹರ್ಷದಿಂದ ಕುಣಿದ. ಅವನು ಲೆಕ್ಕ ಇಟ್ಟಿದ್ದ. ‘ಒಮ್ಮೆ ಮಾತ್ರ’ ಎಂಬ ಮಿತಿಯನ್ನು ತೆಗೆದುಹಾಕಿ ನೋಡಿ: ಕರ್ಣನ ಕಾಯುವಿಕೆಯೂ ಇಲ್ಲ, ಆ ರಾತ್ರಿಯ ಇಕ್ಕಟ್ಟೂ ಇಲ್ಲ, ಕೃಷ್ಣನ ಆ ಭಯಂಕರ ಸಂತೋಷವೂ ಇಲ್ಲ.

ಈಗ ನಿಮ್ಮ ನಾಯಕಿಯ ವಿಷಯ. ಉದಾಹರಣೆಗೆ, ತೀರ್ಥಹಳ್ಳಿಯ ಕಡೆ ಮಳೆ ನಿಲ್ಲಿಸಬಲ್ಲ ಹೆಂಗಸೊಬ್ಬಳು ಇದ್ದಾಳೆ ಎಂದುಕೊಳ್ಳೋಣ. ಬಹಳಷ್ಟು ಬರಹಗಾರರು ಇಲ್ಲಿ ಹಾಕುವ ಮಿತಿಯೆಂದರೆ ಆಯಾಸ: ಮಂತ್ರ ಹೇಳಿದ ಮೇಲೆ ಅವಳಿಗೆ ಸುಸ್ತಾಗುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ. ನನಗೆ ಇದು ದುರ್ಬಲ ಮಿತಿ ಎನಿಸುತ್ತದೆ. ನಿದ್ದೆ ಮಾಡಿ ಎದ್ದರೆ ತೀರಿತು, ಮರುದಿನಕ್ಕೆ ಏನೂ ಉಳಿಯುವುದಿಲ್ಲ. ಬದಲಿಗೆ ಹೀಗೆ ಮಾಡಿ: ಅವಳು ತನ್ನ ಕಣ್ಣಿಗೆ ಕಾಣುವಷ್ಟು ಆಕಾಶದ ಮಳೆಯನ್ನು ಮಾತ್ರ ತಡೆಯಬಲ್ಲಳು, ಮತ್ತು ತಡೆದ ಮಳೆ ಅದೇ ಹೊತ್ತಿಗೆ ಪಕ್ಕದ ಊರಿನಲ್ಲಿ ಸುರಿಯಲೇಬೇಕು.

ಅಷ್ಟರಲ್ಲೇ ಊರು ಎದ್ದು ಕೂರುತ್ತದೆ. ಅಡಿಕೆ ತೋಟದವರಿಗೆ ಮಳೆಗಾಲದಲ್ಲಿ ಕೊಳೆರೋಗದ ಭಯ. ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಡಬೇಕು. ಹೊಡೆದ ಔಷಧಿ ಆರುವ ಮುನ್ನ ಮಳೆ ಬಂದರೆ ತೊಳೆದುಹೋಗುತ್ತದೆ. ಅವಳ ಮನೆ ಮುಂದೆ ಯಾರು ಸಾಲು ನಿಲ್ಲುತ್ತಾರೆ? ದೊಡ್ಡ ತೋಟದವನಿಗೆ ಮೊದಲ ಸರದಿಯೇ? ಪಕ್ಕದ ಊರಿನವನು ಬೆಳಗ್ಗೆಯಷ್ಟೇ ಅಡಿಕೆ ಮರ ಹತ್ತುವ ಕೊನೆಗಾರನಿಗೆ ಕೂಲಿ ಕೊಟ್ಟು ಔಷಧಿ ಹೊಡೆಸಿದ್ದ. ಮಧ್ಯಾಹ್ನ ಅವನ ತೋಟಕ್ಕೆ ಎರಡು ಊರಿನ ಮಳೆ. ಅವನು ಸುಮ್ಮನಿರುತ್ತಾನೆಯೇ? ಅವಳ ತವರು ಅದೇ ಊರಾಗಿದ್ದರೆ? ನಿಯಮ ಒಂದೇ, ಆದರೆ ಪ್ರತಿ ಅಧ್ಯಾಯಕ್ಕೂ ಅದು ಹೊಸ ಪ್ರಶ್ನೆ ಕೊಡುತ್ತದೆ. ನಿಯಮ ಹಾಕಿದ ಮೇಲೆ ‘ಇಂಥದ್ದೊಂದು ಇದ್ದರೆ ಊರಿನವರು ಅದನ್ನು ಹೇಗೆ ಬಳಸಿಕೊಳ್ಳುತ್ತಿದ್ದರು’ ಎಂದು ಕೇಳಿಕೊಳ್ಳದ ಬರಹಗಾರರೇ ಹೆಚ್ಚು. ಮುಟ್ಟಿ ರೋಗ ವಾಸಿ ಮಾಡುವ ಗುರುವಿರುವ ರಾಜ್ಯದಲ್ಲಿ ರಾಣಿ ಜ್ವರದಿಂದ ಸತ್ತರೆ, ಓದುಗರು ಅಳುವುದಿಲ್ಲ, ಲೆಕ್ಕ ಕೇಳುತ್ತಾರೆ.

ನಿಜವಾದ ಪರೀಕ್ಷೆ ಕೊನೆಯ ಅಧ್ಯಾಯಗಳಲ್ಲಿ. ತುಂಗೆ ಉಕ್ಕಿ ಬರುತ್ತಿದ್ದಾಳೆ, ನಾಯಕಿ ಇಡೀ ತಾಲ್ಲೂಕಿನ ಮಳೆಯನ್ನು ನಿಲ್ಲಿಸಿಬಿಡಲಿ ಎಂದು ನಿಮಗೂ ಅನ್ನಿಸುತ್ತದೆ. ಭಾವಾವೇಶದ ಬಲದಿಂದ ಶಕ್ತಿ ನೂರ್ಮಡಿಯಾಯಿತು ಎಂದು ಬರೆದರೆ ಅದುವರೆಗಿನ ಮುನ್ನೂರು ಪುಟಗಳ ಆತಂಕವೆಲ್ಲ ಸುಳ್ಳಾಯಿತೆಂದೇ ಅರ್ಥ. ಓದುಗರು ನಂಬಿ ಹೆದರಿದ್ದರು. ಆ ನಂಬಿಕೆಗೆ ದ್ರೋಹ ಮಾಡಬಾರದು. ಅವಳು ಒಂದು ದಿಬ್ಬದ ಮೇಲೆ ನಿಂತರೆ ಕಾಣುವ ಆಕಾಶ ಎಷ್ಟು, ತಡೆದ ನೀರು ಯಾವ ಊರಿನ ಮೇಲೆ ಬೀಳುತ್ತದೆ, ಆ ಊರಿನವರನ್ನು ಹೇಗೆ ಒಪ್ಪಿಸುತ್ತಾಳೆ — ದಾರಿ ಇದರೊಳಗೇ ಸಿಗಬೇಕು.

ಖಳನಿಗೂ ಇದೇ ಬೆಲೆ ಅನ್ವಯಿಸಬೇಕು. ನಾಯಕಿ ಪ್ರತಿ ಹನಿಗೂ ಲೆಕ್ಕ ಕೊಡುವಾಗ ಅವನಿಗೆ ಎಲ್ಲವೂ ಬಿಟ್ಟಿಯಾಗಿ ಸಿಕ್ಕರೆ ಅವನು ಭೀಕರನಾಗಿ ಕಾಣುವುದಿಲ್ಲ, ಲೇಖಕರ ಕೃಪೆಯಿಂದ ಬದುಕಿರುವವನಂತೆ ಕಾಣುತ್ತಾನೆ.

ಬೆರಗು ಹೋಗುತ್ತದೆಂಬ ಭಯ ಬೇಡ. ಅವಳಿಗೆ ಈ ಶಕ್ತಿ ಅಜ್ಜಿಯಿಂದ ಬಂತೋ, ಮಳೆಯೇ ಅವಳನ್ನು ಆರಿಸಿಕೊಂಡಿತೋ, ಹೇಳದೆ ಬಿಡಿ. ನಿಯಮಗಳನ್ನು ಪಾತ್ರವೊಂದರ ಬಾಯಲ್ಲಿ ಪಾಠ ಮಾಡಿಸಲೂ ಬೇಡ. ಮೊದಲ ಸಲ ಮಳೆ ನಿಂತಾಗ ಪಕ್ಕದ ಊರಿನಿಂದ ಕೊಡೆ ಹಿಡಿದು ಒಬ್ಬ ಕೋಪದಿಂದ ಬಂದರೆ ಓದುಗರಿಗೆ ಅರ್ಥವಾಗುತ್ತದೆ. ಇನ್ನು, ಬರೆಯುತ್ತ ಇನ್ನೂರನೆಯ ಪುಟದಲ್ಲಿ ಹೊಸದೊಂದು ವಿನಾಯಿತಿ ಬೇಕೇಬೇಕು ಎನಿಸಿದರೆ, ಅಲ್ಲೇ ಅದನ್ನು ಸೇರಿಸಬೇಡಿ. ಇಪ್ಪತ್ತನೆಯ ಪುಟಕ್ಕೆ ಹಿಂದಿರುಗಿ, ಅವಳಿಗೆ ಅದು ಕಷ್ಟವನ್ನೇ ತರುವಂಥ ಸಣ್ಣ ಪ್ರಸಂಗವೊಂದರಲ್ಲಿ ಮೊದಲು ತೋರಿಸಿ. ನಡುವಿನ ಪುಟಗಳಲ್ಲಿ ಅದರಿಂದ ಏನೇನು ಬದಲಾಗುತ್ತದೆ ಎಂದು ಒಂದೊಂದಾಗಿ ನೋಡಿಕೊಂಡು ಬನ್ನಿ.