ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಜೀವ ಕಾಣಿಸಲ್ಲ

ಮಳೆ ಸ್ವಲ್ಪ ಬಿಟ್ಟರೆ ಸಾಕು, ಕಾಫಿ ಎಲೆ ಹಿಡಿದುಕೊಂಡು ಬರುತ್ತಾರೆ. "ಡಾಕ್ಟ್ರೇ, ಬೋರ್ಡೋ ಹೊಡೆಸಿ ಆಯ್ತು. ತುಕ್ಕು ಸತ್ತಿದೆಯೋ ಇಲ್ವೋ, ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ಒಮ್ಮೆ ನೋಡಿಸಿ." ಖರ್ಚು ಎಷ್ಟಾದರೂ ಪರವಾಗಿಲ್ವಂತೆ! ತುಕ್ಕು ಅಂದರೆ ಕಾಫಿ ಎಲೆಗೆ ಬರುವ ಶಿಲೀಂಧ್ರ ರೋಗ, ಬೋರ್ಡೋ ಅಂದರೆ ಅದಕ್ಕೆ ಹೊಡೆಯುವ, ತಾಮ್ರವಿರುವ ಮೈಲುತುತ್ತು-ಸುಣ್ಣದ ದ್ರಾವಣ.

ಆ ಯಂತ್ರ ಅದನ್ನು ಹೇಳಲ್ಲ. ಒಳಗೆ ಇಡುವ ಮೊದಲೇ ನಾವು ಎಲ್ಲವನ್ನೂ ಕೊಂದಿರುತ್ತೇವೆ. ಎಲೆಯ ಚೂರನ್ನು ಗ್ಲುಟರಾಲ್ಡಿಹೈಡ್ ಅನ್ನುವ ರಾಸಾಯನಿಕದಲ್ಲಿ ನೆನೆಸಿಡುತ್ತೇವೆ, ಅಲ್ಲಿಗೇ ಜೀವ ಮುಗಿಯಿತು. ಆಮೇಲೆ ಆಲ್ಕೋಹಾಲನ್ನು ಹಂತಹಂತವಾಗಿ ಶೇ. 100ರವರೆಗೆ ಏರಿಸುತ್ತಾ ನೀರು ತೆಗೆಯುತ್ತೇವೆ, ದ್ರವ ಇಂಗಾಲದ ಡೈಆಕ್ಸೈಡ್ ತುಂಬಿಸಿ 31 ಡಿಗ್ರಿ ದಾಟಿಸಿ ಒತ್ತಡದಲ್ಲಿ ಒಣಗಿಸುತ್ತೇವೆ, ಮೇಲೆ ಕೆಲವೇ ನ್ಯಾನೋಮೀಟರ್ ಚಿನ್ನದ ಲೇಪ ಕೊಡುತ್ತೇವೆ, ಕೊನೆಗೆ ಗಾಳಿಯೇ ಇಲ್ಲದ ಪೆಟ್ಟಿಗೆಗೆ ಹಾಕುತ್ತೇವೆ. ಔಷಧಿಗೆ ಸತ್ತದ್ದೂ ನಮ್ಮ ಕೈಯಲ್ಲಿ ಸತ್ತದ್ದೂ ಫೋಟೋದಲ್ಲಿ ಒಂದೇ ಥರ ಕಾಣಬಹುದು.

ಸುಂಟಿಕೊಪ್ಪ ಕಡೆಯ ಒಬ್ಬರು ತಾವೇ ಎಲ್ಲೋ ಫೋಟೋ ತೆಗೆಸಿ ತಂದಿದ್ದರು. ತುಕ್ಕಿನ ಬೀಜಾಣುಗಳು, ಅಂದರೆ ರೋಗ ಹರಡುವ ಸಣ್ಣ ಕಣಗಳು, ಸುಕ್ಕುಗಟ್ಟಿದ್ದವು. ಔಷಧಿ ಕೆಲಸ ಮಾಡಿದೆ, ಮುಂದಿನ ಸುತ್ತು ಬೇಡ ಅಂತ ಅವರ ತೀರ್ಮಾನ. ಔಷಧಿ ಹೊಡೆಯದ ಗಿಡದ ಫೋಟೋ ಎಲ್ಲಿ ಅಂದೆ. ತೆಗೆಸಿರಲಿಲ್ಲ. ಸರಿಯಾಗಿ ಒಣಗಿಸದಿದ್ದರೂ ಸುಕ್ಕು ಬರುತ್ತೆ, ಅದು ತಾಮ್ರದಿಂದಲೇ ಬಂದಿದ್ದು ಅಂತ ಯಾವ ಧೈರ್ಯದ ಮೇಲೆ ಹೇಳುವುದು? ಬೋರ್ಡೋ ಎಲೆಯ ಮೇಲೆ ಬಿದ್ದ ಬೀಜಾಣು ಮೊಳೆಯದಂತೆ ತಡೆಯುತ್ತದೆ. ಆಗಲೇ ಒಳಗೆ ಸೇರಿದ ರೋಗಕ್ಕೆ ಅದು ಮದ್ದಲ್ಲ. ಇದನ್ನೂ ಜಾಸ್ತಿ ಜನ ಕೇಳಿಸಿಕೊಳ್ಳಲ್ಲ.

ಜೀವ ಇದೆಯಾ ಅಂತ ನೋಡಬೇಕಾದರೆ ಬೀಜಾಣುಗಳನ್ನು ಒಂದು ಹನಿ ನೀರಲ್ಲಿ ಹಾಕಿ, ರಾತ್ರಿಯಿಡೀ ತಂಪಾದ ಕತ್ತಲಲ್ಲಿಟ್ಟು, ಬೆಳಿಗ್ಗೆ ಕಾಲೇಜು ಮೈಕ್ರೋಸ್ಕೋಪಿನಲ್ಲಿ ನೋಡಿ. ಬದುಕಿದ್ದರೆ ಮೊಳಕೆ ಕೊಳವೆ ಬಿಟ್ಟಿರುತ್ತೆ. ಬಿಡದೇ ಇದ್ದದ್ದೆಲ್ಲ ಸತ್ತಿದೆ ಅಂತಲೂ ನಾನು ಬರೆದುಕೊಡಲಾರೆ.

ಹಾಗಾದರೆ ಅಷ್ಟು ದೊಡ್ಡ ಯಂತ್ರ ಯಾಕೆ? ಆಕಾರಕ್ಕೆ. ತುಕ್ಕಿನ ಬೀಜಾಣು ನಮ್ಮ ಕಿತ್ತಳೆ ತೊಳೆಯ ಹಾಗಿರುತ್ತದೆ, ಉಬ್ಬಿದ ಬೆನ್ನಿಗೆ ಮುಳ್ಳು, ಇನ್ನೊಂದು ಬದಿ ನುಣುಪು. ಒಂದೊಂದು ಮುಳ್ಳೂ ಎದ್ದು ಕಾಣುತ್ತೆ. ನಿಜ ಹೇಳಬೇಕೆಂದರೆ ಈ ಅರ್ಧ ನುಣುಪನ್ನು ಬ್ರಿಟಿಷ್ ಶಿಲೀಂಧ್ರ ತಜ್ಞರಾದ ಬರ್ಕ್ಲಿ ಮತ್ತು ಬ್ರೂಮ್ 1869ರಲ್ಲೇ, ಸಿಲೋನಿನ ಎಲೆಗಳಲ್ಲಿ, ಮಾಮೂಲಿ ಮೈಕ್ರೋಸ್ಕೋಪಿನಲ್ಲೇ ಕಂಡಿದ್ದರು. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಂದಿದ್ದು 1931ರಲ್ಲಿ. ಅದಿಲ್ಲದೆ ಆಗದ ಕೆಲಸ ಅಂದರೆ ಏಲಕ್ಕಿಯ ಕಟ್ಟೆ ರೋಗದಂಥ ವೈರಸ್ ನೋಡುವುದು. ಸುಮಾರು 200 ನ್ಯಾನೋಮೀಟರಿಗಿಂತ ಸಣ್ಣ ವಿವರ ಬೆಳಕಿನ ಮೈಕ್ರೋಸ್ಕೋಪಿಗೆ ಸಿಗಲ್ಲ, ಆ ವೈರಸ್ಸಿನ ಎಳೆಯ ದಪ್ಪ ಹತ್ತು ಹನ್ನೆರಡು ನ್ಯಾನೋಮೀಟರ್ ಅಷ್ಟೇ. ಮೊಬೈಲಿಗೆ ಬರುವ ಕೆಂಪು ಹಸಿರು ವೈರಸ್ ಫೋಟೋಗಳ ಬಣ್ಣ ಮಾತ್ರ ಕಂಪ್ಯೂಟರಿನಲ್ಲಿ ಬಳಿದದ್ದು.

ನಾಪೋಕ್ಲಿನ ಹಿರಿಯ ಬೆಳೆಗಾರರೊಬ್ಬರ ಜೊತೆ ಮಾತ್ರ ಫೋಟೋ ಕೆಲಸಕ್ಕೆ ಬಂತು. ತುಕ್ಕಿನ ಮೇಲೆ ಬಿಳಿ ಬೂಷ್ಟು ಬಂದಿದೆ, ಹೊಸ ರೋಗ ಅಂತ ಗಾಬರಿಯಾಗಿದ್ದರು. ಫೋಟೋದಲ್ಲಿ ಸಣ್ಣ ಎಳೆಗಳು ತುಕ್ಕಿನ ಬೀಜಾಣುಗಳನ್ನೇ ಸುತ್ತಿಕೊಂಡಿದ್ದವು. ತುಕ್ಕನ್ನೇ ತಿಂದು ಬದುಕುವ ಶಿಲೀಂಧ್ರ ಅದು. "ಹಾಗಾದ್ರೆ ಅದನ್ನೇ ಬೆಳೆಸಿ ಕೊಡಿ, ಬೋರ್ಡೋ ದುಡ್ಡು ಉಳಿಯುತ್ತೆ" ಅಂದರು. ಅದು ಬರುವುದೇ ತುಕ್ಕು ಚೆನ್ನಾಗಿ ಹರಡಿದ ಮೇಲೆ, ಅದನ್ನು ನಂಬಿಕೊಂಡು ಕೂರಬೇಡಿ ಅಂದೆ. ಒಪ್ಪಿದ ಹಾಗೆ ಕಾಣಲಿಲ್ಲ.