ವಿಷುವಲ್ ಬೇಸಿಕ್ ಬೇಡವಾದ ಬಗೆ

ಬೆಳೆದ ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕಿದ್ದ ಕಾಫಿ ಮಂಡಳಿಯ ಪೂಲ್ ಪದ್ಧತಿ ಹಂತಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ಬೆಳೆಗಾರರು ತಮ್ಮ ಕಾಫಿಯನ್ನು ಇಷ್ಟಬಂದವರಿಗೆ ಮಾರುವಂತಾದಾಗ, ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ವ್ಯಾಪಾರಿಗಳ ಲೆಕ್ಕಪತ್ರದ ಕೆಲಸವೂ ಹೆಚ್ಚಿತು. ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ಒಣಗಿಸಿದ ಕಾಫಿ) ಎಷ್ಟು, ಚೆರ್ರಿ (ಹಣ್ಣಾಗಿಯೇ ಒಣಗಿಸಿದ್ದು) ಎಷ್ಟು, ಔಟ್‌ಟರ್ನ್ (ಅದರಿಂದ ಸಿಕ್ಕ ಶುದ್ಧ ಬೀಜದ ಪ್ರಮಾಣ) ಎಷ್ಟು ಬಂತು, ಮುಂಗಡ ಕಳೆದು ಬೆಳೆಗಾರರಿಗೆ ಕೊಡಬೇಕಾದ ಬಾಕಿ ಎಷ್ಟು ಎಂಬುದನ್ನೆಲ್ಲ ಕಂಪ್ಯೂಟರಿಗೆ ಏರಿಸಬಯಸಿದವರಿಗೆ ಊರಿನ ಪ್ರೋಗ್ರಾಮರೊಬ್ಬರು ಒಂಟಿಯಾಗಿ ಕೂತು ತಂತ್ರಾಂಶ ಬರೆದುಕೊಡಲು ಆ ಕಾಲದಲ್ಲಿ ವಿಷುವಲ್ ಬೇಸಿಕ್‌ನಷ್ಟು ಅನುಕೂಲವಾದ ಭಾಷೆ ಇನ್ನೊಂದಿರಲಿಲ್ಲ.

ಅಮೆರಿಕದ ಪ್ರೋಗ್ರಾಮರ್ ಅಲನ್ ಕೂಪರ್ ರೂಪಿಸಿದ್ದ ವಿನ್ಯಾಸವೊಂದನ್ನು ಮೈಕ್ರೋಸಾಫ್ಟ್ 1988ರಲ್ಲಿ ಕೊಂಡು, ಅದಕ್ಕೆ ತನ್ನ ಬೇಸಿಕ್ ಭಾಷೆಯನ್ನು ಜೋಡಿಸಿ 1991ರಲ್ಲಿ ವಿಷುವಲ್ ಬೇಸಿಕ್ ಎಂದು ಬಿಡುಗಡೆ ಮಾಡಿತು. ಅಲ್ಲಿಯವರೆಗೆ ವಿಂಡೋಸ್‌ನಲ್ಲಿ ಒಂದು ಖಾಲಿ ಕಿಟಕಿ ಮೂಡಿಸಲು ಸಿ ಭಾಷೆಯಲ್ಲಿ ಹತ್ತಾರು ಸಾಲು ಬರೆಯಬೇಕಿತ್ತು. ಇಲ್ಲಿ ಗುಂಡಿಯನ್ನು ಎಳೆದು ಫಾರ್ಮಿನ ಮೇಲಿಟ್ಟು, ಅದನ್ನು ಒತ್ತಿದಾಗ ಏನಾಗಬೇಕೆಂದು ಬರೆದರಾಯಿತು. 1998ರಲ್ಲಿ ಬಂದ ಆರನೆಯ ಆವೃತ್ತಿ, ಮಾಹಿತಿ ಸಂಗ್ರಹಕ್ಕೆ ಆಕ್ಸೆಸ್ ಡೇಟಾಬೇಸ್ ಇಟ್ಟುಕೊಂಡು, ಎಂಜಿನಿಯರಿಂಗ್ ಓದದವರಿಗೂ ಕೈಗೆಟುಕಿತು.

ಈ ಭಾಷೆ ಹಳತಾಗಿ ಸತ್ತಿತೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಪೆಟ್ಟು ಬಿದ್ದದ್ದು 2002ರಲ್ಲಿ, ಅದೂ ಒಡೆಯನ ಕೈಯಿಂದಲೇ. ಮೈಕ್ರೋಸಾಫ್ಟಿನ ಹೊಸ ತಂತ್ರಾಂಶ ವೇದಿಕೆ ಡಾಟ್‌ನೆಟ್ ಜೊತೆಗೆ ಬಂದದ್ದಕ್ಕೆ ಹಳೆಯ ಹೆಸರನ್ನೇ ಇಟ್ಟಿದ್ದರೂ ಅದು ಬೇರೆಯೇ ಭಾಷೆಯಾಗಿತ್ತು: ಪೂರ್ಣಾಂಕ ಹಿಡಿಯುವ 16 ಬಿಟ್‌ನ ಇಂಟಿಜರ್ 32 ಬಿಟ್ ಆಯಿತು, ಯಾವ ಬಗೆಯ ಮೌಲ್ಯವನ್ನಾದರೂ ಹಿಡಿಯುತ್ತಿದ್ದ ವೇರಿಯಂಟ್ ಹೋಯಿತು, ಹಳೆಯ ಕೋಡನ್ನು ಪರಿವರ್ತಿಸಿಕೊಡುವ ವಿಝಾರ್ಡ್ ಅರ್ಧ ದಾರಿಗೆ ತಂದು ನಿಲ್ಲಿಸಿ ಮಿಕ್ಕದ್ದನ್ನು ಕೈಯಾರೆ ಸರಿಪಡಿಸಿಕೊಳ್ಳಲು ಬಿಡುತ್ತಿತ್ತು. ಹೇಗೂ ಹೊಸದಾಗಿ ಕಲಿಯಬೇಕೆಂದಾದರೆ, ಅದೇ ವೇದಿಕೆಯಲ್ಲಿ ಮೈಕ್ರೋಸಾಫ್ಟ್ ತಾನೇ ಮುಂದಿಟ್ಟಿದ್ದ ಸಿ ಶಾರ್ಪನ್ನೇ ಏಕೆ ಕಲಿಯಬಾರದು? ಅನೇಕರು ಹಾಗೆಯೇ ಮಾಡಿದರು. ಆರನೆಯ ಆವೃತ್ತಿಯ ಮುಖ್ಯ ಬೆಂಬಲ 2005ರ ಮಾರ್ಚಿನಲ್ಲಿ ಮುಗಿಯುವ ಹೊತ್ತಿಗೆ, ಕಂಪನಿಯೇ ಮನ್ನಣೆ ನೀಡಿದ್ದ ತಜ್ಞರು ಅದನ್ನು ಉಳಿಸಬೇಕೆಂದು ಮನವಿಗೆ ಸಹಿ ಹಾಕಿದರೂ ಫಲ ಸಿಗಲಿಲ್ಲ. ವಿಸ್ತರಿತ ಬೆಂಬಲವೂ 2008ರ ಏಪ್ರಿಲಿಗೆ ಕೊನೆಗೊಂಡಿತು.

ಕನ್ನಡದವರಿಗೆ ಇನ್ನೊಂದು ತೊಡಕಿತ್ತು. ಒಳಗೆ ಪಠ್ಯವನ್ನು ಎಲ್ಲ ಲಿಪಿಗಳನ್ನೂ ಒಳಗೊಳ್ಳುವ ಸಂಕೇತ ಪದ್ಧತಿಯಾದ ಯೂನಿಕೋಡಿನಲ್ಲೇ ಇಡುತ್ತಿದ್ದ ಈ ಭಾಷೆಯ ಪಠ್ಯಪೆಟ್ಟಿಗೆ, ಲೇಬಲ್‌ಗಳು ಮಾತ್ರ ಯೂನಿಕೋಡ್ ಅರಿಯುತ್ತಿರಲಿಲ್ಲವಾದ್ದರಿಂದ, ಬೆಳೆಗಾರರ ಹೆಸರು ಪರದೆಯ ಮೇಲೆ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತಿತ್ತು. ನುಡಿ, ಬರಹದ ಹಳೆಯ ಫಾಂಟ್ ಬಳಸಿದರೆ ಕನ್ನಡವೇನೋ ಕಾಣುತ್ತಿತ್ತು, ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದನ್ನು ಓದುವಂತಿರಲಿಲ್ಲ, ಅಕಾರಾದಿಯಲ್ಲಿ ಜೋಡಿಸುವಂತೆಯೂ ಇರಲಿಲ್ಲ.

ಅಷ್ಟರಲ್ಲಿ ಕೆಲಸ ಜಾಲತಾಣಗಳತ್ತ, ಆಮೇಲೆ ಮೊಬೈಲಿನತ್ತ ಸರಿದಿತ್ತು. ಹಾಸನದಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ಹುಡುಗರು ಜಾವಾ, ಪೈಥಾನ್ ಕಲಿತರು; ಅವರನ್ನು ದೂರಿ ಫಲವಿಲ್ಲ. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 2018ರಲ್ಲಿ ಡೆವಲಪರುಗಳ ಸಮೀಕ್ಷೆ ನಡೆಸಿದಾಗ, ಬಳಸುತ್ತಿರುವವರೇ ಮುಂದುವರಿಸಲು ಒಲ್ಲದ ಭಾಷೆಗಳಲ್ಲಿ ವಿಷುವಲ್ ಬೇಸಿಕ್ 6 ಮೊದಲನೆಯದಾಗಿತ್ತು.

ಹೀಗಿದ್ದರೂ ಹಳೆಯ ಪ್ರೋಗ್ರಾಮುಗಳು ನಿಲ್ಲಲಿಲ್ಲ, ಏಕೆಂದರೆ ಅವು ಓಡಲು ಬೇಕಾದ ರನ್‌ಟೈಮ್ ಕಡತಗಳನ್ನು ಮೈಕ್ರೋಸಾಫ್ಟ್ ವಿಂಡೋಸ್ ಜೊತೆ ಇಂದಿಗೂ ಕೊಡುತ್ತದೆ. ತೊಂದರೆ ಎದ್ದದ್ದು ಬದಲಾವಣೆ ಬೇಕಾದಾಗ. 2017ರ ಜುಲೈ 1ರಂದು ಜಿಎಸ್‌ಟಿ ಬಂದು, ಬಿಲ್ಲಿನಲ್ಲಿ ವ್ಯಾಟ್ ಇದ್ದಲ್ಲಿ ಕೇಂದ್ರದ ಪಾಲಾದ ಸಿಜಿಎಸ್‌ಟಿ, ರಾಜ್ಯದ ಪಾಲಾದ ಎಸ್‌ಜಿಎಸ್‌ಟಿ, ಸರಕನ್ನು ಗುರುತಿಸುವ ಎಚ್‌ಎಸ್‌ಎನ್ ಸಂಖ್ಯೆಗಳು ಕೂರಬೇಕಾದಾಗ, ಗೊಬ್ಬರದಂಗಡಿಯಿಂದ ಕಾಫಿ ಮಂಡಿಯವರೆಗೆ ಎಲ್ಲರಿಗೂ ಮೂಲ ಕೋಡ್, ಅದನ್ನು ತೆರೆಯುವ ಹಳೆಯ ಸಾಧನ, ತಿದ್ದಬಲ್ಲ ಮನುಷ್ಯ, ಈ ಮೂರೂ ಬೇಕಾದವು. ಮೂರರಲ್ಲಿ ಒಂದು ಕೈಕೊಟ್ಟರೂ ಸಿದ್ಧ ತಂತ್ರಾಂಶ ಕೊಳ್ಳುವುದೇ ದಾರಿ. ಡಾಟ್‌ನೆಟ್‌ನ ವಿಷುವಲ್ ಬೇಸಿಕನ್ನೂ ಭಾಷೆಯಾಗಿ ಇನ್ನು ಬೆಳೆಸುವುದಿಲ್ಲವೆಂದು 2020ರಲ್ಲಿ ಮೈಕ್ರೋಸಾಫ್ಟ್ ಹೇಳಿದ ಮೇಲೆ, ಆ ದಾರಿ ಹಿಡಿಯಲು ಹಿಂಜರಿದಿದ್ದವರಿಗೂ ಕಾಯುವುದಕ್ಕೆ ಕಾರಣ ಉಳಿಯಲಿಲ್ಲ.