ನಾನು ಕಳಿಸಿದ ಸಿಂಫನಿಯನ್ನು ಯಾರೂ ಯಾಕೆ ಕೇಳಲ್ಲ?

ಪ್ರಶ್ನೆ: ನನಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಅಂದರೆ ಪ್ರಾಣ. ಇಷ್ಟವಾದದ್ದನ್ನು ಸ್ನೇಹಿತರಿಗೆ ಕಳಿಸುತ್ತಲೇ ಇರುತ್ತೇನೆ. "ಚೆನ್ನಾಗಿದೆ" ಅಂತ ಒಂದು ಮಾತು ಬರುತ್ತದೆ, ಅಷ್ಟೇ. ಕೇಳಿಲ್ಲ ಅನ್ನುವುದು ಗೊತ್ತಾಗಿಬಿಡುತ್ತದೆ. ಯಾವುದನ್ನು ಕಳಿಸಬೇಕು? ಹೇಗೆ ಕಳಿಸಬೇಕು?

ಉತ್ತರ: ನಾನೂ ಈ ಕೆಲಸ ಮಾಡಿ ಕೈಸುಟ್ಟುಕೊಂಡವನೇ. ಒಮ್ಮೆ ಗೆಳೆಯನೊಬ್ಬನಿಗೆ ಆಸ್ಟ್ರಿಯಾದ ಸಂಗೀತಗಾರ ಮಾಹ್ಲರ್‌ನ ಮೂರನೇ ಸಿಂಫನಿಯ (ಇಡೀ ಆರ್ಕೆಸ್ಟ್ರಾ ನುಡಿಸುವ ದೊಡ್ಡ ಕೃತಿ) ಲಿಂಕ್ ಕಳಿಸಿದೆ. ಕೆಳಗೆ "ಕೇಳಲೇಬೇಕು!" ಅಂತ ಬೇರೆ ಬರೆದಿದ್ದೆ. ಎರಡೇ ನಿಮಿಷದಲ್ಲಿ ಹೆಬ್ಬೆರಳು ಎತ್ತಿದ ಚಿತ್ರ ಬಂತು. ಆ ಸಿಂಫನಿ ಮುಗಿಯಲು ಒಂದೂವರೆ ಗಂಟೆ ಸಾಲದು. ಮೊದಲ ಮೂವ್‌ಮೆಂಟೇ, ಅಂದರೆ ಮೊದಲ ಭಾಗವೇ, ಅರ್ಧ ಗಂಟೆ ದಾಟುತ್ತದೆ. ಕೆಲಸದ ದಿನ ಮಧ್ಯಾಹ್ನ ಯಾರು ತಾನೇ ಕೇಳುತ್ತಾರೆ? ಅವನ ಒಂದಿಡೀ ಸಂಜೆಯನ್ನೇ ನಾನು ಕೇಳಿದ್ದೆ, ಅದೂ ಯಾಕೆ ಅಂತ ಹೇಳದೆ.

ಹಾಗಾಗಿ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಆ ಕೃತಿಯಲ್ಲಿ ನಿಮ್ಮ ಮೈ ಜುಮ್ಮೆಂದದ್ದು ಎಲ್ಲಿ? "ಎಲ್ಲಾ ಕಡೆ" ಅನ್ನಬೇಡಿ. ಯಾವುದೋ ಒಂದು ಜಾಗ ಇದ್ದೇ ಇರುತ್ತದೆ. ಇಡೀ ಕೃತಿಯ ಬದಲು ಆ ಜಾಗವನ್ನು ಕಳಿಸಿ. ಎಷ್ಟನೇ ನಿಮಿಷ, ಏನನ್ನು ಗಮನಿಸಬೇಕು ಅಂತ ಒಂದೆರಡು ಸಾಲು ಬರೆಯಿರಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೀಥೋವನ್‌ನ ಏಳನೇ ಸಿಂಫನಿಯ ಎರಡನೇ ಮೂವ್‌ಮೆಂಟ್. ಎಂಟೊಂಬತ್ತು ನಿಮಿಷದ್ದು. ಹೊಸಬರಿಗೆ ಕಳಿಸಲು ನನ್ನ ಮೊದಲ ಆಯ್ಕೆ ಇದೇ. ಶುರುವಿನಲ್ಲಿ ಊದುವ ವಾದ್ಯಗಳು ಒಂದು ದುಃಖದ ಸ್ವರಗುಚ್ಛ ನುಡಿಸಿ ಸುಮ್ಮನಾಗುತ್ತವೆ. ಆಮೇಲೆ ವಯೊಲಿನ್‌ಗಿಂತ ತಗ್ಗಿನ ದನಿಯ ತಂತಿವಾದ್ಯಗಳಾದ ವಯೋಲಾ, ಚೆಲ್ಲೊ, ಡಬಲ್ ಬಾಸ್ ಮೆಲ್ಲಗೆ ಹೆಜ್ಜೆ ಹಾಕಲು ಶುರುಮಾಡುತ್ತವೆ. ಉದ್ದ, ಗಿಡ್ಡ, ಗಿಡ್ಡ, ಉದ್ದ, ಉದ್ದ. ಇಷ್ಟೇ ಲಯ. ಮೊದಲಿಗೆ ಅದರಲ್ಲಿ ರಾಗ ಅನ್ನುವಂಥದ್ದು ಹೆಚ್ಚೇನೂ ಇಲ್ಲ. ಸುಮ್ನೆ ನಡೆದುಕೊಂಡು ಹೋದ ಹಾಗೆ. ಸ್ವಲ್ಪ ಹೊತ್ತಿಗೆ ಆ ನಡಿಗೆಯನ್ನು ಎರಡನೇ ಸಾಲಿನ ವಯೊಲಿನ್‌ಗಳು ಎತ್ತಿಕೊಳ್ಳುತ್ತವೆ. ಆಗ ಕೆಳಗಡೆ ವಯೋಲಾ ಮತ್ತು ಚೆಲ್ಲೊಗಳು ಬೇರೆಯೇ ಒಂದು ಉದ್ದನೆಯ ಹಾಡು ತೆಗೆಯುತ್ತವೆ. ಎರಡೂ ಒಟ್ಟಿಗೆ ಹೋಗುತ್ತವೆ, ಒಂದನ್ನೊಂದು ತುಳಿಯುವುದಿಲ್ಲ. ಮತ್ತೆ ಒಂದು ಸುತ್ತು ಮೇಲಕ್ಕೆ, ಕೊನೆಗೆ ಇಡೀ ಆರ್ಕೆಸ್ಟ್ರಾ. 1813ರ ಡಿಸೆಂಬರ್‌ನಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ನುಡಿಸಿದಾಗ ಜನ ಈ ಮೂವ್‌ಮೆಂಟನ್ನು ಅಲ್ಲೇ ಇನ್ನೊಮ್ಮೆ ನುಡಿಸುವಂತೆ ಮಾಡಿದ್ದರು.

ಇದನ್ನು ಕಳಿಸುವಾಗ ನಾನು ಬರೆಯುವುದು ಇಷ್ಟೇ: "ಮೊದಲ ಎರಡು ನಿಮಿಷ ಕೇಳು. ವಯೊಲಿನ್ ಸೇರಿಕೊಂಡ ಮೇಲೆ ಅದನ್ನು ಬಿಟ್ಟು ಕೆಳಗಿನ ಚೆಲ್ಲೊ ಕಡೆ ಕಿವಿ ಕೊಡು." ಎರಡು ನಿಮಿಷ ಯಾರಿಗೂ ಭಾರ ಅಲ್ಲ. ಅಷ್ಟು ಕೇಳಿದವರು ಸಾಮಾನ್ಯವಾಗಿ ಪೂರ್ತಿ ಕೇಳುತ್ತಾರೆ.

ಜೊತೆಗೆ ಇನ್ನೊಂದು ಸಾಲು: "ಇಯರ್‌ಫೋನ್ ಹಾಕಿಕೋ." ಇದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಅರ್ಧ ಹಂಚಿಕೆಗಳು ಹಾಳಾಗುವುದು ಇಲ್ಲೇ. ಮೊಬೈಲ್ ಸ್ಪೀಕರ್ ಅಂಗೈಯೊಳಗೆ ಅಡಗುವಷ್ಟು ಪುಟ್ಟದು. ತಗ್ಗಿನ ಸ್ವರಗಳನ್ನು ಅದು ಸರಿಯಾಗಿ ಹೊರಡಿಸುವುದಿಲ್ಲ. ಈಗ ಹೇಳಿದ ಬೀಥೋವನ್‌ನಲ್ಲಿ ಎಲ್ಲಾ ಶುರುವಾಗುವುದೇ ಆ ತಗ್ಗಿನಲ್ಲಿ! ಕೇಳುವವರಿಗೆ ಏನೋ ಗೊಣಗಿದ ಹಾಗೆ ಕೇಳಿಸಿ ನಿಂತುಹೋಗುತ್ತದೆ. ಸದ್ದಿನ ಏರಿಳಿತವೂ ಈ ಸಂಗೀತದಲ್ಲಿ ಜಾಸ್ತಿ. ರಾವೆಲ್‌ನ ಬೊಲೆರೊ ಅನ್ನುವ ಆರ್ಕೆಸ್ಟ್ರಾ ಕೃತಿ ಪಿಸುಮಾತಿನಲ್ಲಿ ಶುರುವಾಗಿ ಕಾಲು ಗಂಟೆಯ ನಂತರ ಗುಡುಗಿನಲ್ಲಿ ಮುಗಿಯುತ್ತದೆ. ಶುರುವಿನಲ್ಲಿ ಕೇಳಿಸಲಿಲ್ಲ ಅಂತ ವಾಲ್ಯೂಮ್ ಏರಿಸಿದವರು ಕೊನೆಯಲ್ಲಿ ನಿಮ್ಮನ್ನು ಬೈಯುವುದು ಗ್ಯಾರಂಟಿ.

ಕೆಲವೊಮ್ಮೆ ನಿಮಗಿಷ್ಟವಾದ ಜಾಗ ಎರಡು ಟ್ರ್ಯಾಕ್‌ಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಬೀಥೋವನ್‌ನ ಐದನೇ ಸಿಂಫನಿಯ ಕೊನೆಯ ಮೂವ್‌ಮೆಂಟ್ ಎಷ್ಟು ಜೋರಾಗಿ, ಎಷ್ಟು ಖುಷಿಯಲ್ಲಿ ಸಿಡಿಯುತ್ತದೆ ಅಂತ ತೋರಿಸಲು ಅದೊಂದನ್ನೇ ಕಳಿಸಿದರೆ ಅರ್ಧ ರುಚಿ ಹೋಯಿತು. ಮೂರನೇ ಮೂವ್‌ಮೆಂಟ್ ನಿಲ್ಲದೆ ನಾಲ್ಕನೆಯದಕ್ಕೆ ಸೇರಿಕೊಳ್ಳುತ್ತದೆ. ಕೊನೆಯಲ್ಲಿ ತಂತಿವಾದ್ಯಗಳೆಲ್ಲ ಉಸಿರು ಹಿಡಿದು ನಿಲ್ಲುತ್ತವೆ. ಟಿಂಪನಿ ಅನ್ನುವ ನಗಾರಿ ಮಾತ್ರ ದೂರದಲ್ಲಿ ಬಾಗಿಲು ತಟ್ಟಿದಂತೆ ಮೆಲ್ಲಗೆ ಬಡಿಯುತ್ತಿರುತ್ತದೆ. ವಯೊಲಿನ್‌ಗಳು ತಡಕಾಡುತ್ತಾ ಮೇಲೇರುತ್ತವೆ. ಆ ಕತ್ತಲಲ್ಲಿ ಕಾದವರಿಗೇ ಆ ಸ್ಫೋಟದ ಬೆಲೆ. ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ಟ್ರೊಂಬೋನ್ ಅನ್ನುವ ಹಿತ್ತಾಳೆಯ ಊದುವಾದ್ಯಗಳು ಇಡೀ ಸಿಂಫನಿಯಲ್ಲಿ ಮೊದಲ ಸಲ ಬಾಯಿ ಬಿಡುವುದೂ ಆಗಲೇ. ಹಾಗಾಗಿ ಮೂರನೆಯದರ ಕೊನೆಯ ಒಂದು ನಿಮಿಷದಿಂದ ಕೇಳಿ ಅಂತ ಬರೆಯಿರಿ. ಷಫಲ್ ಆಫ್ ಇರಲಿ ಅಂತಲೂ.

ಹೆಸರು ಪೂರ್ತಿ ಬರೆಯುವುದು ಒಳ್ಳೆಯದು. "ಮೊಜಾರ್ಟ್‌ನ ಪಿಯಾನೊ ಕನ್ಸರ್ಟೊ" ಅಂದರೆ ಯಾವುದು? ಪಿಯಾನೊ ಮುಂದಾಳಾಗಿ ಆರ್ಕೆಸ್ಟ್ರಾ ಜೊತೆ ನುಡಿಸುವ ಇಂಥ ಕೃತಿಗಳು, ಸಂಖ್ಯೆ ಇರುವವೇ 27 ಇವೆ. "21ನೆಯದು, ಕೆ. 467, ಎರಡನೇ ಮೂವ್‌ಮೆಂಟ್" ಅಂದರೆ ಹುಡುಕಬಹುದು. ಆ "ಕೆ" ಅಂದರೆ ಕೋಷೆಲ್. ಮೊಜಾರ್ಟ್‌ನ ಕೃತಿಗಳಿಗೆ 1862ರಲ್ಲಿ ಪಟ್ಟಿ ಮಾಡಿದ ಪುಣ್ಯಾತ್ಮ.

ನುಡಿಸಿದವರ ಹೆಸರೂ ಬೇಕು. ಇದನ್ನು ನಾವು ಮರೆಯುತ್ತೇವೆ. ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಅನ್ನುವ ಕೃತಿಯನ್ನು 1955ರಲ್ಲಿ ರೆಕಾರ್ಡ್ ಮಾಡಿದಾಗ ಸುಮಾರು 38 ನಿಮಿಷ ಆಗಿತ್ತು. 1981ರಲ್ಲಿ ಅದನ್ನೇ ಮತ್ತೆ ರೆಕಾರ್ಡ್ ಮಾಡಿದಾಗ ಸುಮಾರು 51 ನಿಮಿಷ. ಶುರುವಿನ ಆರಿಯಾ ಅನ್ನುವ ಪುಟ್ಟ ಭಾಗ ಒಂದನ್ನೇ ಕೇಳಿ ನೋಡಿ. ಮೊದಲನೆಯದು ಎರಡು ನಿಮಿಷದೊಳಗೆ ಮುಗಿಯುತ್ತದೆ, ಎರಡನೆಯದಕ್ಕೆ ಮೂರು ನಿಮಿಷ ಬೇಕು. ಸ್ವರಗಳು ಅವೇ, ಕೈಯೂ ಅದೇ. ಆದರೂ ನಿಮ್ಮನ್ನು ಹಿಡಿದದ್ದು ಯಾವುದು ಅಂತ ಹೇಳದಿದ್ದರೆ ನಿಮ್ಮ ಸ್ನೇಹಿತರು ಬೇರೆಯದನ್ನೇ ಕೇಳಿ "ಇದರಲ್ಲೇನಿದೆ?" ಅನ್ನುತ್ತಾರೆ. ನನಗೆ ನಿಧಾನದ್ದೇ ಇಷ್ಟ. ಹೊಸಬರಿಗೆ ಕಳಿಸುವುದು ಮಾತ್ರ ಚುರುಕಿನದ್ದು.

ಅಂದ ಹಾಗೆ, ಫೈಲ್ ಕಳಿಸಬೇಡಿ, ಲಿಂಕ್ ಕಳಿಸಿ. ಬಾಖ್ ಬರೆದದ್ದು ಈಗ ಎಲ್ಲರದ್ದೂ ಹೌದು, ಆದರೆ ಅದನ್ನು ನುಡಿಸಿ ರೆಕಾರ್ಡ್ ಮಾಡಿದ್ದಕ್ಕೆ ಬೇರೆ ಹಕ್ಕು ಇರುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವರಿಗೆ ಹಿಡಿಸಲ್ಲ. ಬೇಜಾರಾಗಬೇಡಿ. ಆಸ್ಟ್ರಿಯಾದ ಸಂಗೀತಗಾರ ಶೂಬರ್ಟ್ 1828ರಲ್ಲಿ ತೀರಿಕೊಂಡ. ಹತ್ತು ವರ್ಷ ಕಳೆದ ಮೇಲೆ ಇನ್ನೊಬ್ಬ ಸಂಗೀತಗಾರ ಶೂಮನ್ ವಿಯೆನ್ನಾದಲ್ಲಿ ಶೂಬರ್ಟ್‌ನ ಅಣ್ಣನ ಮನೆಗೆ ಹೋದಾಗ ಹಳೆಯ ಹಸ್ತಪ್ರತಿಗಳ ನಡುವೆ ಶೂಬರ್ಟ್ ಬರೆದ, ಸಿ ಮೇಜರ್ ಅನ್ನುವ ಸ್ವರಶ್ರೇಣಿಯ ದೊಡ್ಡ ಸಿಂಫನಿ ಸಿಕ್ಕಿತು. ಶೂಮನ್ ಅದನ್ನು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದ ಮೆಂಡೆಲ್ಸನ್‌ಗೆ ತಲುಪಿಸಿದ. 1839ರ ಮಾರ್ಚ್‌ನಲ್ಲಿ ಮೆಂಡೆಲ್ಸನ್ ಅದನ್ನು ಜನರ ಮುಂದೆ ನುಡಿಸಿದ, ಅದೂ ಅಲ್ಲಲ್ಲಿ ಕತ್ತರಿ ಹಾಕಿ! ಆಮೇಲೆ ಲಂಡನ್ನಿಗೆ ಕೊಂಡೊಯ್ದರೆ ಅಲ್ಲಿನ ವಾದಕರು ರಿಹರ್ಸಲ್‌ನಲ್ಲೇ ನಕ್ಕುಬಿಟ್ಟರು. ಮೆಂಡೆಲ್ಸನ್ ಕೃತಿಯನ್ನೇ ವಾಪಸ್ ತೆಗೆದುಕೊಂಡ. ಮೆಂಡೆಲ್ಸನ್‌ಗೇ ಹೀಗಾಗಿದೆ, ನಮ್ಮ ನಿಮ್ಮ ವಾಟ್ಸಾಪ್ ಯಾವ ಲೆಕ್ಕ ಅಲ್ವಾ?

ಕಳಿಸಿದ ಮೇಲೆ ಮಾತ್ರ "ಕೇಳಿದೆಯಾ?" ಅಂತ ಬೆನ್ನು ಹತ್ತಬೇಡಿ. ಬೆನ್ನು ಹತ್ತಿದರೆ ಸುಳ್ಳು ಹೇಳುತ್ತಾರೆ. ಮಾಹ್ಲರ್ ಕಳಿಸಿದ್ದೆನಲ್ಲ, ಅದೇ ಗೆಳೆಯನಿಗೆ ಎಷ್ಟೋ ದಿನದ ಮೇಲೆ ಆ ಏಳನೇ ಸಿಂಫನಿಯ ಎರಡು ನಿಮಿಷ ಕಳಿಸಿದೆ. ಮೂರು ದಿನ ಸದ್ದಿಲ್ಲ. ನಾಲ್ಕನೇ ದಿನ ರಾತ್ರಿ ಮೆಸೇಜ್ ಬಂತು: "ಆ ಕೆಳಗಿನ ಹಾಡು ಆಮೇಲೆ ಮತ್ತೆ ಬರುತ್ತದೆ, ಗಮನಿಸಿದ್ದೀಯಾ?" ಮಾಹ್ಲರ್ ಲಿಂಕನ್ನು ಅವನು ಇನ್ನೂ ತೆರೆದಿಲ್ಲ ಅನ್ನಿಸುತ್ತದೆ. ನಾನೂ ವಿಚಾರಿಸಿಲ್ಲ.